ಮುಖ್ಯೋಪಾಧ್ಯಾಯರನ್ನು ಆರಿಸತಕ್ಕವರು ಯಾರು?

ಊರಿನ ಹೈಸ್ಕೂಲಿಗೆ ಹೊಸ ಮುಖ್ಯೋಪಾಧ್ಯಾಯರು ಬರುವರೆಂಬ ವರ್ತಮಾನ ಹುಟ್ಟಿದೊಡನೆ ಗೃಹಸ್ಥರ ಮನೆಗಳಲ್ಲಿ ಅದೇ ಮಾತಾಗುವುದು ಸಹಜ. ಬರತಕ್ಕವರು ಎಂತಹವರು? ಶಿಸ್ತಿನವರೋ, ಸಡಿಲರೋ? ಮಕ್ಕಳ ಮುಖವನ್ನು ನೋಡುವವರೋ, ಕಡತಗಳನ್ನಷ್ಟೇ ನೋಡುವವರೋ? ನಮ್ಮಲ್ಲಿ ಈ ಮಾತು ಬಹುಮಟ್ಟಿಗೆ ಜಗಲಿಯ ಮೇಲೆಯೇ ಮುಗಿದುಹೋಗುತ್ತದೆ. ಸರಕಾರಿ ಶಾಲೆಯಾದರೆ ಮುಖ್ಯೋಪಾಧ್ಯಾಯರನ್ನು ಕಳುಹಿಸತಕ್ಕದ್ದು ಇಲಾಖೆ, ಖಾಸಗಿ ಶಾಲೆಯಾದರೆ ನೇಮಿಸತಕ್ಕದ್ದು ಆಡಳಿತ ಮಂಡಳಿ. ತಂದೆತಾಯಿಗಳ ಅಭಿಪ್ರಾಯವನ್ನು ಕೇಳುವ ಪದ್ಧತಿ ಇಲ್ಲ. ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಹಾಗಲ್ಲ. ಅಲ್ಲಿ ಈ ಒಂದು ಕುರ್ಚಿಯ ನಿಮಿತ್ತವಾಗಿ ಸಭೆಗಳು ಸೇರಿವೆ, ವ್ಯಾಜ್ಯಗಳು ನಡೆದಿವೆ. ಈ ಕುರ್ಚಿಯಿಂದ ಮೊದಲಾದ ಜಗಳವು ಬೆಳೆದು, ಒಂದು ಸಲ ಒಂದು ಮಹಾನಗರದ ಹತ್ತು ಲಕ್ಷ ಮಕ್ಕಳ ಪಾಠಗಳು ವಾರಗಟ್ಟಲೆ ನಿಂತುಹೋಗಿವೆ. ಈ ತಿಂಗಳು ಆ ವೃತ್ತಾಂತವನ್ನು ವಾಚಕರ ಮುಂದಿಡಲು ಬಯಸುತ್ತೇವೆ. ಪರದೇಶದವರ ಜಗಳ ನಮಗೇಕೆಂದು ಯಾರೂ ಅನ್ನಲಾರರೆಂದು ನಂಬಿದ್ದೇವೆ. ಮಕ್ಕಳನ್ನು ಶಾಲೆಗೆ ಕಳುಹಿಸುವ ಮನೆಗಳು ಎಲ್ಲ ದೇಶಗಳಲ್ಲಿಯೂ ಇವೆ.

ಮೊದಲು ಅಲ್ಲಿನ ಏರ್ಪಾಟನ್ನು ತಿಳಿಯಬೇಕು. ಆ ದೇಶದಲ್ಲಿ ಶಾಲೆಗಳ ಆಡಳಿತವು ಕೇಂದ್ರ ಸರಕಾರದ ಕೈಯಲ್ಲಿಲ್ಲ. ರಾಜ್ಯ ಸರಕಾರಗಳು ಶಾಸನಗಳನ್ನು ಮಾಡಿ, ಹಣದಲ್ಲಿ ಒಂದು ಪಾಲನ್ನು ಕೊಟ್ಟು, ಉಳಿದ ಭಾರವನ್ನು ಆಯಾ ಊರಿನವರಿಗೇ ಬಿಟ್ಟಿವೆ. ಶಾಲೆಗಳ ಆಡಳಿತಕ್ಕೆಂದೇ ಗೆರೆ ಎಳೆದ ಪ್ರದೇಶಕ್ಕೆ ‘ಸ್ಕೂಲ್ ಡಿಸ್ಟ್ರಿಕ್ಟ್’ ಎಂದು ಹೆಸರು. ಇದನ್ನು ನಮ್ಮ ಜಿಲ್ಲೆಯೆಂದು ಭಾವಿಸಬಾರದು. ಅದು ಕೆಲವೆಡೆ ಒಂದು ಪಟ್ಟಣ, ಕೆಲವೆಡೆ ನಾಲ್ಕಾರು ಹಳ್ಳಿಗಳ ಕೂಟ, ಕೆಲವೆಡೆ ಒಂದು ಇಡೀ ಮಹಾನಗರ. ಇಂತಹ ಶಾಲಾ ಕ್ಷೇತ್ರಗಳು ಆ ದೇಶದಲ್ಲಿ 13,000ಕ್ಕೂ ಹೆಚ್ಚು ಇವೆ. ಬಹುಪಾಲು ಕ್ಷೇತ್ರಗಳಲ್ಲಿ ಊರವರು ಓಟು ಕೊಟ್ಟು ಒಂದು ಶಾಲಾ ಮಂಡಳಿಯನ್ನು ಆರಿಸುತ್ತಾರೆ. ಮನೆ ಮತ್ತು ಜಮೀನುಗಳ ಮೇಲಿನ ತೆರಿಗೆಯಿಂದ ಬರುವ ಹಣವನ್ನು ವೆಚ್ಚಮಾಡತಕ್ಕದ್ದು ಈ ಮಂಡಳಿಯೇ. ಮಂಡಳಿಯವರು ಸಂಬಳದ ಮೇಲೆ ಒಬ್ಬ ‘ಸೂಪರಿಂಟೆಂಡೆಂಟ’ನನ್ನು ಇಟ್ಟುಕೊಳ್ಳುತ್ತಾರೆ. ಹೈಸ್ಕೂಲಿನ ಮುಖ್ಯೋಪಾಧ್ಯಾಯರ ಸ್ಥಾನ ತೆರವಾದಾಗ, ಆತನು ಯೋಗ್ಯರೆಂದು ತೋರಿದವರ ಹೆಸರನ್ನು ಸೂಚಿಸುವುದೂ, ಮಂಡಳಿಯವರು ಸಭೆಯಲ್ಲಿ ಕೈಯೆತ್ತಿ ಅದನ್ನು ಒಪ್ಪುವುದೂ ಸಾಮಾನ್ಯ ಕ್ರಮ. ಅಲ್ಲಿ ಈ ಅಧಿಕಾರಿಗೆ ‘ಪ್ರಿನ್ಸಿಪಾಲ್’ ಎನ್ನುವರು; ನಾವು ನಮ್ಮ ರೂಢಿಯಂತೆ ಮುಖ್ಯೋಪಾಧ್ಯಾಯರೆಂದೇ ಕರೆಯುತ್ತೇವೆ.

ಮಂಡಳಿಯ ಸಭೆಗೆ ಯಾರು ಬೇಕಾದರೂ ಹೋಗಬಹುದು. ಸಾಮಾನ್ಯವಾಗಿ ಊರವರಿಗೆ ತಲಾ ಎರಡು ಮೂರು ನಿಮಿಷ ಮಾತನಾಡುವ ಅವಕಾಶವೂ ಉಂಟು. ಹೀಗಿರುವುದರಿಂದ ಮುಖ್ಯೋಪಾಧ್ಯಾಯರ ನೇಮಕವು ಕೇವಲ ಕಚೇರಿಯ ಕೆಲಸವಾಗಿ ಉಳಿಯುವುದಿಲ್ಲ. ಶಾಲೆಯಲ್ಲಿಯೇ ಬಹುಕಾಲ ದುಡಿದ ಸಹಾಯಕರೇ ಮೇಲೇರಬೇಕೆಂದು ಕೆಲವರ ಹಟ. ಹೊರಗಿನಿಂದ ಹೊಸಬರು ಬಂದರೆ ಮಾತ್ರ ಶಾಲೆ ಸುಧಾರಿಸುವುದೆಂದು ಮತ್ತೆ ಕೆಲವರ ವಾದ. ಉಪಾಧ್ಯಾಯರ ಸಂಘಕ್ಕೆ ಒಂದು ಅಭಿಪ್ರಾಯ, ತೆರಿಗೆ ಕೊಡುವವರಿಗೆ ಇನ್ನೊಂದು. ಮುಂದಿನ ಚುನಾವಣೆಯಲ್ಲಿ ಮಂಡಳಿಯ ಸದಸ್ಯರ ಸ್ಥಾನವು ಈ ಒಂದು ನೇಮಕದ ಮೇಲೆಯೇ ನಿಲ್ಲುವುದೂ ಉಂಟು. ಇದು ಸಾಧಾರಣ ಊರುಗಳ ಸ್ಥಿತಿ. ನ್ಯೂಯಾರ್ಕ್ ಮತ್ತು ಷಿಕಾಗೋ ಎಂಬ ಎರಡು ಮಹಾನಗರಗಳ ಕಥೆಯಾದರೋ ಬೇರೆ. ನಮ್ಮ ಪ್ರಶ್ನೆಗೆ ಹೆಚ್ಚು ಬೆಳಕು ಬೀಳುವುದು ಆ ಕಥೆಯಿಂದಲೇ.

ನ್ಯೂಯಾರ್ಕಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಉಪಾಧ್ಯಾಯರ ನೇಮಕವು ವಾರ್ಡುಗಳ ಮುಖಂಡರ ಕೈಯಲ್ಲಿತ್ತು. ಪಕ್ಷಕ್ಕೆ ಓಟು ತಂದವನ ತಂಗಿಗೆ ಕೆಲಸ, ತರದವನ ಮಗಳಿಗೆ ಬಾಗಿಲು ಬಂದ್. ಈ ಅನ್ಯಾಯವನ್ನು ತೊಲಗಿಸಬೇಕೆಂದು ಸುಧಾರಕರು ಹೋರಾಡಿದುದರ ಫಲವಾಗಿ 1898ರಲ್ಲಿ ಪರೀಕ್ಷಕರ ಮಂಡಳಿಯೊಂದು ಸ್ಥಾಪಿತವಾಯಿತು. ಉಪಾಧ್ಯಾಯರಾಗಲಿ ಮುಖ್ಯೋಪಾಧ್ಯಾಯರಾಗಲಿ ಆಗಬೇಕೆನ್ನುವವರು ಪರೀಕ್ಷೆಗೆ ಕುಳಿತು ತೇರ್ಗಡೆ ಹೊಂದಬೇಕು. ತೇರ್ಗಡೆಯಾದವರ ಹೆಸರು ಪಟ್ಟಿಗೆ ಸೇರುವುದು. ಪಟ್ಟಿಯಲ್ಲಿದ್ದವರಿಗೆ ಮಾತ್ರ ಕೆಲಸ. ಈ ಕ್ರಮದಿಂದ ಮಹತ್ತರವಾದ ಉಪಕಾರವಾಯಿತೆಂಬುದನ್ನು ಮರೆಯಲಾಗದು. ಯೂರೋಪಿನಿಂದ ಬರಿಗೈಯಲ್ಲಿ ಬಂದಿದ್ದ ಯೆಹೂದ್ಯರ ಮಕ್ಕಳು, ಯಾರ ಶಿಫಾರಸನ್ನೂ ಬೇಡದೆ, ಓದಿನ ಬಲದಿಂದಲೇ ಉಪಾಧ್ಯಾಯರಾದರು. ಅವರ ಪಾಲಿಗೆ ಆ ಪಟ್ಟಿಯು ನ್ಯಾಯದ ಇನ್ನೊಂದು ಹೆಸರಾಗಿತ್ತು.

ನೆರೆಯವರ ಬೆಂಬಲವೂ ಯೋಗ್ಯತೆಯೂ ಕೂಡಿಬಂದರೆ ಏನಾಗಬಹುದೆಂಬುದಕ್ಕೆ ಅದೇ ನಗರದಲ್ಲಿ ಒಂದು ನಿದರ್ಶನವಿದೆ. ಲಿಯೊನಾರ್ಡ್ ಕವೆಲೊ ಎಂಬವರು 1887ರಲ್ಲಿ ಇಟಲಿಯ ಅವಿಲ್ಯಾನೊ ಎಂಬ ಊರಿನಲ್ಲಿ ಹುಟ್ಟಿ, 1896ರಲ್ಲಿ ಬಾಲಕರಾಗಿ ನ್ಯೂಯಾರ್ಕಿಗೆ ಬಂದವರು. ಅವರ ಮನೆತನದ ಹೆಸರನ್ನು ಉಚ್ಚರಿಸಲು ಕಷ್ಟವೆಂದು ಶಾಲೆಯ ಉಪಾಧ್ಯಾಯಿನಿಯೊಬ್ಬರು ಅದರಲ್ಲಿ ಒಂದಕ್ಷರವನ್ನೇ ಕಳೆದುಬಿಟ್ಟರಂತೆ. ಶಾಲೆಯೊಳಗೆ ಹೋದ ಮಗು ತನ್ನ ತಂದೆತಾಯಿಗಳ ಭಾಷೆಗೂ ಹೆಸರಿಗೂ ನಾಚುವಂತಾದರೆ ಆ ವಿದ್ಯೆಯಿಂದ ಏನು ಫಲವೆಂಬ ಪ್ರಶ್ನೆ ಅವರನ್ನು ಜೀವಮಾನವೆಲ್ಲ ಕಾಡಿತು. ಪೂರ್ವ ಹಾರ್ಲೆಮ್ ಎಂಬ ಬಡವರ ಕೇರಿಯಲ್ಲಿ ಹೈಸ್ಕೂಲೇ ಇರಲಿಲ್ಲ. ಅಲ್ಲಿನ ಜನರ ಜೊತೆಗೂಡಿ, ಫಿಯೊರೆಲ್ಲೊ ಲಾ ಗ್ವಾರ್ಡಿಯ ಮತ್ತು ವಿಟೊ ಮಾರ್ಕಂಟೋನಿಯೊ ಎಂಬ ರಾಜಕಾರಣಿಗಳ ಬೆಂಬಲದೊಡನೆ ಅವರು ಶಾಲೆಗಾಗಿ ಒತ್ತಾಯಿಸಿದರು. 1934ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಹೈಸ್ಕೂಲು ಹುಡುಗರಿಗಾಗಿ ತೆರೆಯಿತು. ಕವೆಲೊ ಅವರೇ ಅದರ ಮುಖ್ಯೋಪಾಧ್ಯಾಯರಾದರು. ಆ ವರ್ಷ ಲಾ ಗ್ವಾರ್ಡಿಯ ನಗರದ ಮೇಯರ್ ಆಗಿದ್ದರು. ಈ ನೇಮಕದಲ್ಲಿ ರಾಜಕಾರಣವಿರಲಿಲ್ಲವೆಂದು ಯಾರೂ ಹೇಳಲಾರರು.

ಆದರೆ ಕುರ್ಚಿ ದೊರೆತ ಮೇಲೆ ಅವರು ನಡೆದುಕೊಂಡ ರೀತಿಯನ್ನು ನೋಡಬೇಕು. ಶಾಲೆಯ ಬಾಗಿಲನ್ನು ಹಗಲಿರುಳೂ ಊರಿಗೆ ತೆರೆದಿಟ್ಟರು. ಬೀದಿಯಲ್ಲಿ ಖಾಲಿಬಿದ್ದ ಅಂಗಡಿಗಳನ್ನು ಹಿಡಿದು ಅವುಗಳಲ್ಲಿ ನೆರೆಹೊರೆಯವರ ಕೂಟಗಳನ್ನು ನಡೆಸಿದರು. ವಯಸ್ಕರಿಗೆ ಇಂಗ್ಲಿಷ್ ಕಲಿಸಲು, ಪೌರತ್ವದ ಅರ್ಜಿಗಳನ್ನು ತುಂಬಿಕೊಡಲು ಏರ್ಪಾಟು ಮಾಡಿದರು. ಇಟಲಿಯವರ ಕೇರಿಗೆ ಪೋರ್ಟೋರಿಕೋ ದ್ವೀಪದ ಜನರು ಬಂದು ಸೇರಿದಾಗ ಅವರ ಮಕ್ಕಳನ್ನೂ ಅದೇ ರೀತಿಯಲ್ಲಿ ಕಂಡರು. 1942ರಲ್ಲಿ ಶಾಲೆಗೆ ಭವ್ಯವಾದ ಹೊಸ ಕಟ್ಟಡ ಬಂದಿತು. 1956ರಲ್ಲಿ ಅವರು ನಿವೃತ್ತರಾದರು. ಇಪ್ಪತ್ತೆರಡು ವರ್ಷ ಒಂದೇ ಶಾಲೆಯಲ್ಲಿ ನಿಂತು, ಮಕ್ಕಳ ಮನೆಗಳನ್ನು ತಿಳಿದು ಕೆಲಸಮಾಡಿದ ಮುಖ್ಯೋಪಾಧ್ಯಾಯರನ್ನು ಕಂಡಾಗ, ಅವರನ್ನು ಆರಿಸಿದ ರಾಜಕಾರಣವನ್ನು ನಾವು ಕ್ಷಮಿಸುವೆವು.

ಇಂತಹ ಸಂಯೋಗ ಎಲ್ಲ ಕೇರಿಗಳಿಗೂ ದೊರೆಯಲಿಲ್ಲ. 1960ರ ದಶಕದ ವೇಳೆಗೆ ನ್ಯೂಯಾರ್ಕಿನ ಶಾಲೆಗಳಲ್ಲಿ ಓದುತ್ತಿದ್ದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಆಫ್ರಿಕನ್ ವಂಶದವರೂ ಪೋರ್ಟೋರಿಕೋದವರೂ ಆಗಿದ್ದರು. ಮುಖ್ಯೋಪಾಧ್ಯಾಯರಲ್ಲಿ ಮಾತ್ರ ಆ ಜನರು ಬೆರಳಲ್ಲಿ ಎಣಿಸುವಷ್ಟೂ ಕಷ್ಟದಿಂದ ಸಿಕ್ಕುತ್ತಿದ್ದರು. ಯೆಹೂದ್ಯರ ಮಕ್ಕಳಿಗೆ ಬಾಗಿಲಾಗಿದ್ದ ಪಟ್ಟಿಯು ಇವರಿಗೆ ಗೋಡೆಯಾಗಿ ಕಂಡಿತು. ತಮ್ಮ ಮಕ್ಕಳು ವರ್ಷಗಟ್ಟಲೆ ಶಾಲೆಗೆ ಹೋಗಿಯೂ ಸರಿಯಾಗಿ ಓದಲಾರದೆ ಹಿಂದಿರುಗುವುದನ್ನು ಕಂಡ ತಾಯಂದಿರಿಗೆ, ಪರೀಕ್ಷೆಯಲ್ಲಿ ತೇರ್ಗಡೆಯಾದವರೇ ಯೋಗ್ಯರೆಂಬ ಮಾತಿನಲ್ಲಿ ನಂಬಿಕೆ ಹೋಯಿತು.

1966ರ ಸೆಪ್ಟೆಂಬರಿನಲ್ಲಿ ಹಾರ್ಲೆಮಿನಲ್ಲಿ ಕಿಟಕಿಗಳೇ ಇಲ್ಲದ ಹೊಸ ಶಾಲೆಯೊಂದು ತೆರೆಯಿತು. ಬಿಳಿಯರ ಮಕ್ಕಳೂ ಕಪ್ಪುಬಣ್ಣದವರ ಮಕ್ಕಳೂ ಅಲ್ಲಿ ಒಟ್ಟಿಗೆ ಓದುವರೆಂದು ಅಧಿಕಾರಿಗಳು ಮೊದಲು ಮಾತು ಕೊಟ್ಟಿದ್ದರು. ಆ ಮಾತು ನಡೆಯಲಿಲ್ಲ. ಹಾಗಾದರೆ ಮುಖ್ಯೋಪಾಧ್ಯಾಯರಾದರೂ ನಮ್ಮವರಾಗಿರಲಿ ಎಂದು ತಂದೆತಾಯಿಗಳು ಹಟ ಹಿಡಿದರು. ಬಿಳಿಯರಾಗಿದ್ದ ಮುಖ್ಯೋಪಾಧ್ಯಾಯರು ಬೇರೆಡೆಗೆ ವರ್ಗ ಕೇಳಿದರು. ಆಗ ಆ ಶಾಲೆಯ ಉಪಾಧ್ಯಾಯರು, ಎರಡೂ ಬಣ್ಣದವರು, ಅವರ ಪರವಾಗಿ ನಿಂತು ಕೆಲಸಕ್ಕೆ ಹೋಗಲಿಲ್ಲ. ಸಹಾಯಕ ಸ್ಥಾನದಲ್ಲಿದ್ದ ಆಫ್ರಿಕನ್ ವಂಶದ ಮಹಿಳೆಯೊಬ್ಬರಿಗೆ ಆ ಕುರ್ಚಿಯನ್ನು ಕೊಡಹೋದಾಗ, ತಮ್ಮ ಬಣ್ಣವನ್ನು ನೋಡಿ ಕೊಡುವ ಪದವಿ ತಮಗೆ ಬೇಡವೆಂದು ಅವರು ನಿರಾಕರಿಸಿದರು. ಹಳೆಯ ಮುಖ್ಯೋಪಾಧ್ಯಾಯರೇ ಆಗ ಮರಳಿ ಬಂದರು. ಇಷ್ಟರಲ್ಲಿಯೇ ಈ ಪ್ರಶ್ನೆಯ ಗಂಟು ಎಷ್ಟು ಬಿಗಿಯಾದುದೆಂದು ವಾಚಕರಿಗೆ ಹೊಳೆದಿರಬಹುದು. ತಾಯಂದಿರ ಸಂಕಟವೂ ನಿಜ, ಆ ಮಹಿಳೆಯ ಆತ್ಮಗೌರವವೂ ನಿಜ.

ಮಾರನೆಯ ವರ್ಷ, ಎಂದರೆ 1967ರಲ್ಲಿ, ಮೇಯರ್ ಜಾನ್ ಲಿಂಡ್ಸೆ ಅವರ ಕಾಲದಲ್ಲಿ, ಫೋರ್ಡ್ ಪ್ರತಿಷ್ಠಾನದ ಧನಸಹಾಯದೊಡನೆ ಒಂದು ಪ್ರಯೋಗವಾಯಿತು. ನಗರದ ಮೂರು ಕಡೆ ಶಾಲೆಗಳ ಆಡಳಿತವನ್ನು ನೆರೆಯವರ ಮಂಡಳಿಗಳಿಗೆ ಒಪ್ಪಿಸಿ ನೋಡುವುದೆಂದು ಗೊತ್ತಾಯಿತು. ಅವುಗಳಲ್ಲಿ ಒಂದು, ಬ್ರೂಕ್ಲಿನ್ ಭಾಗದ ಓಷನ್ ಹಿಲ್-ಬ್ರೌನ್ಸ್‌ವಿಲ್. ಅಲ್ಲಿ ಎಂಟು ಶಾಲೆಗಳು, ಸುಮಾರು 9,000 ಮಕ್ಕಳು. ಹೊಸ ಮಂಡಳಿಯವರು ರೋಡಿ ಮೆಕಾಯ್ ಎಂಬವರನ್ನು ಆಡಳಿತಾಧಿಕಾರಿಯಾಗಿ ಆರಿಸಿದರು. ಅವರು ನಗರದ ಶಾಲೆಗಳಲ್ಲಿಯೇ ಬಹುಕಾಲ ಸೇವೆ ಸಲ್ಲಿಸಿದ್ದವರು. ತೆರವಾಗಿದ್ದ ಮುಖ್ಯೋಪಾಧ್ಯಾಯರ ಸ್ಥಾನಗಳಿಗೆ ಪರೀಕ್ಷೆಯ ಪಟ್ಟಿಯನ್ನು ಬಿಟ್ಟು ಹೊರಗಿನಿಂದ ಕೆಲವರನ್ನು ಅವರು ತಂದರು. ‘ಪ್ರಯೋಗ ಶಾಲೆಯ ಮುಖ್ಯೋಪಾಧ್ಯಾಯ’ ಎಂಬ ಹೊಸ ಪದವಿಯನ್ನೇ ಅದಕ್ಕಾಗಿ ನಿರ್ಮಿಸಲಾಯಿತು. ಹೀಗೆ ಬಂದವರಲ್ಲಿ ಲೂಯಿಸ್ ಫ್ವೆಂಟೆಸ್ ಎಂಬವರು ನಗರದಲ್ಲಿ ಆ ಪದವಿಗೇರಿದ ಮೊದಲನೆಯ ಪೋರ್ಟೋರಿಕೋದವರು. ಇನ್ನೊಬ್ಬರು ಚೀನೀ ವಂಶದವರು.

ಪರೀಕ್ಷೆಗಾಗಿ ವರ್ಷಗಟ್ಟಲೆ ಓದಿ, ಪಟ್ಟಿಯಲ್ಲಿ ಹೆಸರು ಬರೆಯಿಸಿಕೊಂಡು ಸರದಿ ಕಾಯುತ್ತಿದ್ದವರಿಗೆ ಇದು ಮೋಸವಾಗಿ ತೋರಿದುದು ಆಶ್ಚರ್ಯವಲ್ಲ. ಮೇಲ್ವಿಚಾರಕರ ಸಂಘದವರು ನ್ಯಾಯಸ್ಥಾನಕ್ಕೆ ಹೋದರು. ಕೆಳಗಿನ ನ್ಯಾಯಸ್ಥಾನದಲ್ಲಿ ಈ ನೇಮಕಗಳು ಅಕ್ರಮವೆಂದು 1968ರಲ್ಲಿ ತೀರ್ಪಾಯಿತು. 1969ರಲ್ಲಿ ರಾಜ್ಯದ ಅತ್ಯುಚ್ಚ ನ್ಯಾಯಸ್ಥಾನವು ಅವು ಸಕ್ರಮವೆಂದು ಹೇಳಿತು. ಆದರೆ ಈ ಎರಡು ತೀರ್ಪುಗಳ ನಡುವೆ ನಗರವು ಉರಿದುಹೋಗಿತ್ತು.

ಕಿಡಿ ತಗುಲಿದುದು ಹೀಗೆ. 1968ರ ಮೇ ತಿಂಗಳಲ್ಲಿ ಓಷನ್ ಹಿಲ್ ಮಂಡಳಿಯವರು ಹದಿಮೂರು ಉಪಾಧ್ಯಾಯರಿಗೂ ಆರು ಮಂದಿ ಮೇಲ್ವಿಚಾರಕರಿಗೂ ‘ನಿಮ್ಮ ಸೇವೆ ಇಲ್ಲಿ ಮುಗಿಯಿತು, ಕೇಂದ್ರ ಕಚೇರಿಗೆ ಹೋಗಿ’ ಎಂಬ ಅರ್ಥದ ಕಾಗದಗಳನ್ನು ಕಳುಹಿಸಿದರು. ಇವರು ಪ್ರಯೋಗಕ್ಕೆ ಅಡ್ಡಿಮಾಡುತ್ತಿದ್ದರೆಂಬುದು ಮಂಡಳಿಯವರ ಆಪಾದನೆ. ಮೊದಲು ದೂರನ್ನು ತಿಳಿಸಿ ವಿಚಾರಣೆ ನಡೆಸದೆ ಕಳುಹಿಸಿದುದು ಅನ್ಯಾಯವೆಂದು ಆಲ್ಬರ್ಟ್ ಶ್ಯಾಂಕರ್ ಅವರ ಮುಖಂಡತ್ವದ ಉಪಾಧ್ಯಾಯರ ಸಂಘವು ಎದ್ದಿತು. ಫ್ರಾನ್ಸಿಸ್ ರಿವರ್ಸ್ ಎಂಬ ನಿವೃತ್ತ ನ್ಯಾಯಾಧೀಶರನ್ನು ವಿಚಾರಣೆಗೆ ನೇಮಿಸಲಾಯಿತು. ಅವರು ಆಫ್ರಿಕನ್ ವಂಶದವರೇ. ಆದರೂ ತಮ್ಮ ಮುಂದೆ ಬಂದ ಉಪಾಧ್ಯಾಯರ ಮೇಲಿನ ಆಪಾದನೆಗಳು ರುಜುವಾತಾಗಲಿಲ್ಲವೆಂದೂ, ಅವರನ್ನು ಮರಳಿ ತೆಗೆದುಕೊಳ್ಳತಕ್ಕದ್ದೆಂದೂ ಹೇಳಿದರು. ಮಂಡಳಿಯವರು ಒಪ್ಪಲಿಲ್ಲ. ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಮೂರು ಸಲ ಮುಷ್ಕರ ನಡೆಯಿತು. ನಗರದ 57,000 ಉಪಾಧ್ಯಾಯರಲ್ಲಿ ಬಹುತೇಕ ಎಲ್ಲರೂ ಹೊರಗೆ ನಿಂತರು. 36 ಶಾಲಾ ದಿನಗಳು ನಷ್ಟವಾದುವು. ಸೋಜಿಗವೇನೆಂದರೆ, ಓಷನ್ ಹಿಲ್‌ನಲ್ಲಿ ಮಾತ್ರ ಹೊಸದಾಗಿ ಸೇರಿದ ಉಪಾಧ್ಯಾಯರೊಡನೆ ಶಾಲೆಗಳು ನಡೆಯುತ್ತಲೇ ಇದ್ದವು. ಆ ಹೊಸಬರಲ್ಲಿ ಅನೇಕರು ಯೆಹೂದ್ಯ ತರುಣರು.

ಆ ತಿಂಗಳುಗಳಲ್ಲಿ ಯೆಹೂದ್ಯರನ್ನು ಹೀನವಾಗಿ ನಿಂದಿಸುವ ಕರಪತ್ರಗಳು ಶಾಲೆಯ ಉಪಾಧ್ಯಾಯರ ಅಂಚೆಪೆಟ್ಟಿಗೆಗಳಲ್ಲಿ ಕಂಡುಬಂದುವು. ಉಪಾಧ್ಯಾಯರ ಸಂಘವು ಅದನ್ನು ಮರುಮುದ್ರಿಸಿ ಲಕ್ಷಗಟ್ಟಲೆ ಪ್ರತಿಗಳನ್ನು ನಗರದಲ್ಲೆಲ್ಲ ಹಂಚಿತು. ವಿಷವನ್ನು ಬರೆದವರ ತಪ್ಪು ದೊಡ್ಡದು. ಅದನ್ನು ಮನೆಮನೆಗೂ ಮುಟ್ಟಿಸಿದವರ ವಿವೇಕವನ್ನೂ ಹೊಗಳಲಾರೆವು. ನಾಗರಿಕ ಹಕ್ಕುಗಳಿಗಾಗಿ ಹೆಗಲಿಗೆ ಹೆಗಲು ಕೊಟ್ಟು ಹೋರಾಡಿದ್ದ ಎರಡು ಜನಾಂಗಗಳ ಮಧ್ಯೆ ಬಿದ್ದ ಬಿರುಕು ಬಹುಕಾಲ ಮುಚ್ಚಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ನಮ್ಮ ಗಾದೆ ಆ ಊರಿಗಾಗಿಯೇ ಹುಟ್ಟಿದಂತಿದೆ. ಎರಡು ಪಕ್ಷದವರೂ ಮಕ್ಕಳ ಹೆಸರನ್ನೇ ಹೇಳುತ್ತಿದ್ದರು. ಪಾಠ ತಪ್ಪಿದುದು ಮಕ್ಕಳಿಗೆ ಮಾತ್ರ.

ಕೊನೆಗೆ 1969ರಲ್ಲಿ ರಾಜ್ಯದ ಶಾಸನಸಭೆಯು ಒಂದು ಕಾನೂನನ್ನು ಮಾಡಿ ನಗರವನ್ನು 30ಕ್ಕೂ ಹೆಚ್ಚು ಶಾಲಾ ಕ್ಷೇತ್ರಗಳಾಗಿ ಹಂಚಿತು. ಓಷನ್ ಹಿಲ್ ಕ್ಷೇತ್ರವು ದೊಡ್ಡದೊಂದು ಕ್ಷೇತ್ರದಲ್ಲಿ ಕರಗಿಹೋಯಿತು. ಮೆಕಾಯ್ ಅವರೂ ಕೆಲಸ ಬಿಟ್ಟು ಹೊರಟುಹೋದರು. ಹೈಸ್ಕೂಲುಗಳನ್ನು ಕೇಂದ್ರ ಮಂಡಳಿಯೇ ಇಟ್ಟುಕೊಂಡಿತು. ಅವುಗಳ ಕೆಳಗಿನ ತರಗತಿಗಳ ಶಾಲೆಗಳು ಊರವರು ಆರಿಸಿದ ಮಂಡಳಿಗಳಿಗೆ ಬಂದುವು. ಮಕ್ಕಳನ್ನು ಶಾಲೆಗೆ ಕಳುಹಿಸುವ ತಂದೆತಾಯಿಗಳಿಗೆ, ಅವರು ಇನ್ನೂ ಆ ದೇಶದ ಪೌರರಾಗಿರದಿದ್ದರೂ ಸಹ, ಈ ಚುನಾವಣೆಯಲ್ಲಿ ಓಟಿನ ಹಕ್ಕನ್ನು ಕೊಡಲಾಯಿತು. ಇದಕ್ಕಿಂತ ಉದಾರವಾದ ಏರ್ಪಾಟನ್ನು ಎಲ್ಲಿ ತಾನೇ ಕಾಣಬಹುದು?

ಇಲ್ಲಿಂದ ಮುಂದಿನ ಭಾಗವನ್ನು ವಾಚಕರು ವಿಶೇಷವಾಗಿ ಗಮನಿಸಬೇಕೆಂದು ಪ್ರಾರ್ಥಿಸುತ್ತೇವೆ. ಇಷ್ಟೆಲ್ಲ ಹೋರಾಡಿ ಪಡೆದ ಹಕ್ಕನ್ನು ಜನರು ಎಷ್ಟು ಮಟ್ಟಿಗೆ ಬಳಸಿದರು? 1970ರ ಮೊದಲನೆಯ ಚುನಾವಣೆಗೇ ನೂರಕ್ಕೆ ಸುಮಾರು 15 ಮಂದಿ ಮಾತ್ರ ಬಂದು ಓಟು ಕೊಟ್ಟರು. 1990ರ ದಶಕದ ಕೊನೆಯ ಚುನಾವಣೆಗಳಲ್ಲಿ ನೂರಕ್ಕೆ 10 ಮಂದಿಯೂ ಬರಲಿಲ್ಲ. ತಂದೆತಾಯಿಗಳು ಬಿಟ್ಟ ಜಾಗವು ಬರಿದಾಗಿ ಉಳಿಯಲಿಲ್ಲ. ಪಕ್ಷದ ಮುಖಂಡರೂ, ಸಂಘಗಳೂ, ಸಣ್ಣ ಸಣ್ಣ ಕೂಟಗಳೂ ಆ ಕುರ್ಚಿಗಳನ್ನು ತುಂಬಿದರು. ಕೆಲವು ಕ್ಷೇತ್ರಗಳ ಮಂಡಳಿಗಳು ಮಕ್ಕಳ ಹಿತವನ್ನು ಶ್ರದ್ಧೆಯಿಂದ ನೋಡಿಕೊಂಡುವು. ಮತ್ತೆ ಕೆಲವು ಕ್ಷೇತ್ರಗಳಲ್ಲಿ ಮುಖ್ಯೋಪಾಧ್ಯಾಯರ ಪದವಿಯು ನೆಂಟರಿಗೂ ಬೆಂಬಲಿಗರಿಗೂ ಹಂಚುವ ಪ್ರಸಾದವಾಯಿತು. 1898ರಲ್ಲಿ ಮುಂಬಾಗಿಲಿನಿಂದ ಓಡಿಸಿದ್ದ ವಾರ್ಡಿನ ಮುಖಂಡನು ಹಿತ್ತಿಲ ಬಾಗಿಲಿನಿಂದ ಒಳಕ್ಕೆ ಬಂದಂತಾಯಿತು. 1996ರಲ್ಲಿ ಶಾಸನಸಭೆಯು ಮಂಡಳಿಗಳ ನೇಮಕದ ಅಧಿಕಾರವನ್ನು ಬಹುಮಟ್ಟಿಗೆ ಕಿತ್ತುಕೊಂಡಿತು. 2002ರಲ್ಲಿ ಶಾಲೆಗಳ ಆಡಳಿತವು ಮೇಯರರ ಕೈಗೆ ಹೋಯಿತು. ಸ್ವಲ್ಪ ಕಾಲದಲ್ಲಿಯೇ ಊರವರ ಮಂಡಳಿಗಳೂ ರದ್ದಾದುವು. ಆ ವೇಳೆಗೆ ಹಳೆಯ ಪರೀಕ್ಷಕರ ಮಂಡಳಿಯೂ ಮುಗಿದುಹೋಗಿತ್ತು. ಅದರ ಪರೀಕ್ಷೆಗಳಲ್ಲಿ ಬಿಳಿಯರಿಗೂ ಉಳಿದವರಿಗೂ ತೇರ್ಗಡೆಯಲ್ಲಿ ಗಣನೀಯವಾದ ಅಂತರವಿದೆಯೆಂಬ ಕಾರಣದಿಂದ 1971ರಲ್ಲಿಯೇ ನ್ಯಾಯಾಲಯವು ಮುಖ್ಯೋಪಾಧ್ಯಾಯರ ಪರೀಕ್ಷೆಗೆ ತಡೆಯೊಡ್ಡಿತ್ತು. ಹೀಗೆ ಪಟ್ಟಿಯೂ ಹೋಯಿತು, ಓಟೂ ಹೋಯಿತು.

ಷಿಕಾಗೋ ನಗರದವರು ಇನ್ನೊಂದು ದಾರಿಯನ್ನು ಹಿಡಿದರು. 1988ರ ಕಾನೂನಿನಂತೆ ಅಲ್ಲಿ ಒಂದೊಂದು ಶಾಲೆಗೂ ಒಂದೊಂದು ಸಮಿತಿ. ಅದರಲ್ಲಿ ಆರು ಮಂದಿ ತಂದೆತಾಯಿಗಳು, ಇಬ್ಬರು ನೆರೆಯವರು, ಇಬ್ಬರು ಉಪಾಧ್ಯಾಯರು, ಜೊತೆಗೆ ಮುಖ್ಯೋಪಾಧ್ಯಾಯರು. ಹೈಸ್ಕೂಲಾದರೆ ಒಬ್ಬ ವಿದ್ಯಾರ್ಥಿಯೂ ಸೇರುತ್ತಿದ್ದನು. ಮುಖ್ಯೋಪಾಧ್ಯಾಯರಿಗೆ ಜೀವಾವಧಿಯ ಕೆಲಸವೆಂಬುದು ಇಲ್ಲವಾಯಿತು. ನಾಲ್ಕು ವರ್ಷಗಳಿಗೊಮ್ಮೆ ಅವರನ್ನು ಮುಂದುವರಿಸಬೇಕೋ ಬೇಡವೋ ಎಂಬುದನ್ನು ಗೊತ್ತುಮಾಡುವ ಅಧಿಕಾರವು ಸಮಿತಿಯದಾಯಿತು. 1989ರ ಅಕ್ಟೋಬರಿನ ಮೊದಲ ಚುನಾವಣೆಗೆ 17,000ಕ್ಕೂ ಮೇಲ್ಪಟ್ಟು ಮಂದಿ ಅಭ್ಯರ್ಥಿಗಳಾಗಿ ನಿಂತರು. ಮುಖ್ಯೋಪಾಧ್ಯಾಯರ ಕಡೆಯವರು ನ್ಯಾಯಸ್ಥಾನಕ್ಕೆ ಹೋದಾಗ, 1990ರಲ್ಲಿ ಆ ರಾಜ್ಯದ ಅತ್ಯುಚ್ಚ ನ್ಯಾಯಸ್ಥಾನವು ಜೀವಾವಧಿಯ ಹಕ್ಕನ್ನು ತೆಗೆದುದು ಸರಿಯೆಂದೂ, ಓಟಿನ ಹಂಚಿಕೆಯು ಸಮಾನವಾಗಿಲ್ಲವಾದುದರಿಂದ ಚುನಾವಣೆಯ ಕ್ರಮವು ಸರಿಯಲ್ಲವೆಂದೂ ತೀರ್ಪು ಕೊಟ್ಟಿತು. ಶಾಸನಸಭೆಯವರು ಮಾರನೆಯ ವರ್ಷ ಆ ಕ್ರಮವನ್ನು ತಿದ್ದಿದರು, ಸಮಿತಿಗಳು ಉಳಿದುವು. 1995ರಲ್ಲಿ ಮೇಯರರಿಗೆ ಹೆಚ್ಚಿನ ಅಧಿಕಾರ ಬಂದಾಗಲೂ ಅವು ಅಳಿಯಲಿಲ್ಲ.

ಅಲ್ಲಿಯೂ ಆರಂಭದ ಉತ್ಸಾಹವು ಉಳಿಯಲಿಲ್ಲ. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತಿ ಎತ್ತಿ ಒಗೆದ ಎಂಬಂತೆ, ಮುಂದಿನ ಚುನಾವಣೆಗಳಲ್ಲಿ ಅಭ್ಯರ್ಥಿಗಳ ಸಂಖ್ಯೆ ಬಹಳ ಇಳಿಯಿತು. ಆದರೂ ಈ ಏರ್ಪಾಟು ನ್ಯೂಯಾರ್ಕಿನ ಮಂಡಳಿಗಳಿಗಿಂತ ದೀರ್ಘಾಯುವಾದುದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಸಮಿತಿಯ ವ್ಯಾಪ್ತಿ ಒಂದೇ ಶಾಲೆ. ಆರು ಸ್ಥಾನಗಳು ತಂದೆತಾಯಿಗಳವೇ. ತಮ್ಮ ಮಗುವಿನ ಮುಖ್ಯೋಪಾಧ್ಯಾಯರನ್ನು ಬೆಳಗ್ಗೆ ಸಂಜೆ ಕಣ್ಣಾರೆ ಕಾಣುವವರು ಓಟು ಕೊಡುತ್ತಾರೆ. ಕಾಣದ ಊರಿನ ಕಾಣದ ಶಾಲೆಗಾಗಿ ಓಟು ಕೊಡುವುದಿಲ್ಲ. ಜೊತೆಗೆ, ಸಮಿತಿಯವರು ಮನಬಂದ ದಿನ ಮುಖ್ಯೋಪಾಧ್ಯಾಯರನ್ನು ಹೊರಗೆ ಕಳುಹಿಸುವಂತಿಲ್ಲ. ಒಪ್ಪಂದದ ಅವಧಿ ಉಂಟು, ಅವರ ಕೆಲಸವನ್ನು ಪರಿಶೀಲಿಸುವ ಕ್ರಮ ಉಂಟು. ಓಷನ್ ಹಿಲ್‌ನಲ್ಲಿ ಇಲ್ಲವಾದುದು ಇಂತಹ ಕ್ರಮವೇ.

ಈ ವೃತ್ತಾಂತದಿಂದ ನಮಗೆ ತೋರುವುದೇನು? ಪರೀಕ್ಷೆಯ ಪಟ್ಟಿಯೇ ನ್ಯಾಯವೆಂದು ಒಂದು ಪಕ್ಷ, ಊರವರ ಓಟೇ ನ್ಯಾಯವೆಂದು ಇನ್ನೊಂದು ಪಕ್ಷ ಹೋರಾಡಿದುವು. ಎರಡಕ್ಕೂ ಅದರದರ ಗುಣವಿದೆ. ಪರೀಕ್ಷೆಯು ಶಿಫಾರಸನ್ನು ತಡೆಯುತ್ತದೆ. ಆದರೆ ಮಗುವಿನ ಮನೆಯನ್ನು ಅರಿಯಬಲ್ಲವರಾರೆಂಬುದನ್ನು ಅದು ಹೇಳಲಾರದು. ಊರವರು ಅದನ್ನು ಅರಿಯಬಲ್ಲರು; ಆದರೆ ಅವರು ಸಭೆಗೆ ಬರದಿದ್ದರೆ, ಅವರ ಹೆಸರಿನಲ್ಲಿ ಬೇರೆಯವರು ಬಂದು ಕುಳಿತುಕೊಳ್ಳುತ್ತಾರೆ. ಆದುದರಿಂದ ನೇಮಕದ ದಿನದ ಗದ್ದಲಕ್ಕಿಂತ, ಆ ಮೇಲಿನ ಸಾವಿರ ದಿನಗಳ ಗಮನವೇ ಮುಖ್ಯವೆಂದು ನಾವು ತಿಳಿದಿದ್ದೇವೆ. ಮುಷ್ಕರಕ್ಕೆ ಎದುರಾಗಿ ಶಾಲೆಯ ಬಾಗಿಲನ್ನು ಕಾದ ತಾಯಂದಿರ ಧೈರ್ಯ ದೊಡ್ಡದು. ಆದರೆ ಶಾಲೆಯು ಉಳಿಯುವುದು, ವರ್ಷಕ್ಕೆ ನಾಲ್ಕಾರು ಸಂಜೆ ಅಡಿಗೆಯ ಕೆಲಸವನ್ನು ಸ್ವಲ್ಪ ಮುಂಚೆ ಮುಗಿಸಿ ಸಭೆಗೆ ಹೋಗಿ ಕುಳಿತುಕೊಳ್ಳುವವರಿಂದ.

ನಮ್ಮ ಕರ್ನಾಟಕದ ಗೃಹಸ್ಥರಿಗೂ ಇದರಲ್ಲಿ ಪಾಲಿದೆ. 2001ರಲ್ಲಿ ನಮ್ಮ ಸರಕಾರಿ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದುವು. 2009ರ ಶಿಕ್ಷಣ ಹಕ್ಕಿನ ಕಾಯಿದೆಯಂತೆ ಶಾಲಾ ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳೋ ಪೋಷಕರೋ ಆಗಿರಬೇಕು. ಅರ್ಧದಷ್ಟು ಮಂದಿ ಸ್ತ್ರೀಯರಾಗಿರಬೇಕು. ಮುಖ್ಯೋಪಾಧ್ಯಾಯರನ್ನು ಆರಿಸುವ ಅಧಿಕಾರ ಈ ಸಮಿತಿಗಳಿಗಿಲ್ಲ. ಷಿಕಾಗೋದವರ ಹಾಗೆ ಅದು ಬೇಕೆಂದು ನಾವು ಈಗ ವಾದಿಸುವುದೂ ಇಲ್ಲ. ಇರುವ ಅಧಿಕಾರವೇ ಸಣ್ಣದಲ್ಲ. ಶಾಲೆಗೆ ಬಂದ ಹಣ ಎಲ್ಲಿ ಹೋಯಿತೆಂದು ಕೇಳಬಹುದು. ಉಪಾಧ್ಯಾಯರು ಹೊತ್ತಿಗೆ ಸರಿಯಾಗಿ ಬರುವರೇ ಎಂದು ನೋಡಬಹುದು. ಒಳ್ಳೆಯ ಮುಖ್ಯೋಪಾಧ್ಯಾಯರು ಬಂದಾಗ ಅವರ ಕೈಯನ್ನು ಬಲಪಡಿಸಬಹುದು. ಸಮಿತಿಯ ಸದಸ್ಯರನ್ನು ಆರಿಸುವ ಪೋಷಕರ ಸಭೆ ಕರೆದ ದಿನ ಮನೆಯಲ್ಲಿ ಕುಳಿತವರು, ಮುಂದೆ ಆ ಸಮಿತಿಯಲ್ಲಿ ಊರ ಮುಖಂಡನ ಕಡೆಯವರೇ ತುಂಬಿಕೊಂಡರೆಂದು ದೂರುವುದು ಹೇಗೆ?

ಹೊಸ ಮುಖ್ಯೋಪಾಧ್ಯಾಯರು ಬಂದಾಗ ನಮ್ಮಲ್ಲಿ ಮೊದಲು ಕೇಳುವ ಪ್ರಶ್ನೆ ಅವರು ಯಾವ ಊರಿನವರು, ಯಾವ ಜನ, ಯಾರ ಕಡೆಯವರು ಎಂಬುದು. ಹಾರ್ಲೆಮಿನ ತಾಯಂದಿರಿಗೆ ಆ ಪ್ರಶ್ನೆಯನ್ನು ಕೇಳಲು ಬಹುಕಾಲದ ಅವಮಾನದ ಕಾರಣವಿತ್ತು. ನಮ್ಮಲ್ಲಿಯೂ ಬಹುಕಾಲ ಶಾಲೆಯ ಬಾಗಿಲಿನ ಹೊರಗೆ ನಿಂತ ಜನರಿದ್ದಾರೆ; ಅವರು ತಮ್ಮವರನ್ನು ಆ ಕುರ್ಚಿಯಲ್ಲಿ ಕಾಣಬೇಕೆಂದು ಬಯಸಿದರೆ ಅದನ್ನು ಹಗುರವಾಗಿ ಕಾಣಬಾರದು. ಅಂತಹ ಕಾರಣವೊಂದೂ ಇಲ್ಲದೆ ಕೇವಲ ಪಕ್ಷಕ್ಕಾಗಿ ಕೇಳುವವರಿಗೆ ಮಾತ್ರ ನಮ್ಮ ಬಿನ್ನಹ: ಇನ್ನು ಮೇಲೆ ಬೇರೆ ಮೂರು ಪ್ರಶ್ನೆಗಳನ್ನು ಕೇಳಿನೋಡಿ. ಇವರು ಹಿಂದಿನ ಶಾಲೆಯಲ್ಲಿ ಎಷ್ಟು ಕಾಲ ನಿಂತು ಕೆಲಸಮಾಡಿದರು? ಅಲ್ಲಿನ ಹಿಂದುಳಿದ ಮಕ್ಕಳ ಗತಿ ಇವರ ಕಾಲದಲ್ಲಿ ಏನಾಯಿತು? ತಂದೆತಾಯಿಗಳು ಬಾಗಿಲಿಗೆ ಬಂದಾಗ ಇವರು ಕುಳ್ಳಿರಿಸಿ ಮಾತನಾಡಿಸುತ್ತಿದ್ದರೇ? ಈ ಮೂರಕ್ಕೂ ಉತ್ತರವು ಆ ಊರಿನ ಮನೆಗಳಲ್ಲಿ ಸಿಕ್ಕುತ್ತದೆ. ಅದಕ್ಕೆ ಯಾವ ಶಾಸನವೂ ಬೇಕಿಲ್ಲ.

ಮುಂದಿನ ಶಾಲಾ ಸಭೆಯ ದಿನವನ್ನು ಮನೆಯ ಪಂಚಾಂಗದಲ್ಲಿ ಈಗಲೇ ಗುರುತುಮಾಡಿ ಇಟ್ಟುಕೊಳ್ಳಿರೆಂದು ನಮ್ಮ ವಾಚಕ ದಂಪತಿಗಳಲ್ಲಿ ಕೇಳಿಕೊಂಡು ಈ ತಿಂಗಳ ಮಾತನ್ನು ಮುಗಿಸುತ್ತೇವೆ. ಇಬ್ಬರೂ ಹೋಗಲಾಗದಿದ್ದರೆ ಒಬ್ಬರಾದರೂ ಹೋಗಿಬರಲಿ.